ಬಿಸಿಯಾಗಿದ್ದ ಬಾನೆಟ್ಟು

ಬೈಕನ್ನು ಸರ್ವೀಸಿಗೆ ಬಿಟ್ಟು ಗ್ಯಾರೇಜಿನ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಅಕ್ಕ, ಅವಳ ತಮ್ಮ. ಗಾಜಿನಾಚೆ ಶೆಡ್ಡಿನಲ್ಲಿ ಹಳೆಯ ಜರ್ಮನ್ ಸ್ಪೋರ್ಟ್ಸ್ ಸೆಡಾನ್, ಕಡುನೀಲಿ, ಆಹಾ! ಅದನ್ನು ಮಾರಲು ಬಂದವನು ಕಾರಿನ ಪಕ್ಕ ಫೋನಿನಲ್ಲಿ ಮಾತಾಡುತ್ತಿದ್ದ.

ತಮ್ಮ ಅವನತ್ತಲೇ ನೋಡುತ್ತಾ ಹೇಳಿದ, “ಅಕ್ಕಾ, ನಮ್ಮ ಭಾವ ಆಗೋರು ಸುಳ್ಳು ಹೇಳ್ತಿದ್ದಾರೆ.”

“ಮೆಲ್ಲಗೆ ಮಾತಾಡೋ! ಏನು ಸುಳ್ಳು?”

“ನಿನ್ನೆಯಿಂದ ಇಲ್ಲೇ ನಿಂತಿದೆ, ಸ್ಟಾರ್ಟೇ ಮಾಡಿಲ್ಲ ಅಂದ್ರು. ಬಾನೆಟ್ ಮುಟ್ಟಿದ್ರೆ ಕಾದ ಕಾವಲಿ!”

“ಬಿಸಿಲಿಗೆ ಕಾದಿರುತ್ತೆ ಬಿಡು.”

“ಶೆಡ್ಡೊಳಗೆ ಯಾವ ಬಿಸಿಲೇ? ಈ ಇಂಜಿನ್ನೊಳಗಿನ ಟೈಮಿಂಗ್ ಚೈನ್ ಸವೆದಿದ್ರೆ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ತಕ್ಷಣ ಗಲಗಲ ಅನ್ನುತ್ತೆ. ಬಿಸಿ ಆದ್ಮೇಲೆ ಸಾಧು ಹಸು. ನಂಗೆ ಆ ಸದ್ದು ಕೇಳಿಸಬಾರದು ಅಂತ ಮೊದಲೇ ಓಡಿಸಿಟ್ಟಿದ್ದಾರೆ.”

ಅಕ್ಕ ಗಾಜಿನಾಚೆ ಕಾರಿನತ್ತ ನೋಡಿದಳು.

“ನೀನು ಬರೋಕೆ ಸ್ವಲ್ಪ ಮುಂಚೆ ಇದೇ ಕಾರಲ್ಲಿ ನನ್ನನ್ನ ಕೂರಿಸ್ಕೊಂಡು ಊರೆಲ್ಲಾ ಸುತ್ತಿಸಿದ್ರು ಕಣೋ. ನಿನ್ನ ತಮ್ಮನಿಗೆ ಹೇಳ್ಬೇಡ ಅಂದ್ರು.”

“ನಿಂಗೆ ಗೊತ್ತಿದ್ದೂ ಸುಮ್ನಿದ್ಯಾ?”

“ಪ್ರೀತಿಗೆ ಕರ್ಕೊಂಡು ಹೋಗ್ತಿದ್ದಾರೆ ಅಂದ್ಕೊಂಡೆ.”

“ಅಯ್ಯೋ ಅಕ್ಕಾ... ಹೋಗ್ಲಿ, ತಗೊಂಡುಬಿಡ್ತೀನಿ. ಒಂದು ಕಾರಿಗೋಸ್ಕರ ನಿನ್ನ ಮದುವೆ ಮುರಿಯೋದು ಬೇಡ.”

“ಬಾಯ್ಮುಚ್ಚು.”

ಅಷ್ಟರಲ್ಲಿ ಅವನು ಕೀ ಅಲ್ಲಾಡಿಸುತ್ತಾ ಬಾಗಿಲಿಗೆ ಬಂದ. “ಏನಪ್ಪಾ ಭಾಮೈದ, ಮುಖ ಯಾಕೆ ಹುಳ್ಳಗೆ? ಬಾ, ಓಡಿಸಿ ನೋಡು!”

ಅಕ್ಕ ಎದ್ದು ತಮ್ಮನ ತೋಳು ಹಿಡಿದಳು.

“ಕಾರು ಬೇಡ ಅಂತ ನೀನು ಹೇಳು. ಮದುವೆ ವಿಷಯ ನಾನು ಹೇಳ್ತೀನಿ.”

ಇಬ್ಬರೂ ಅವನತ್ತ ನಡೆದರು.