ಆರು ಗಾಡಿ, ಆರೂ ಸರಿ

ನಾನು ಶಾಲಾ ವ್ಯಾನ್ ಚಾಲಕಿ, ವಯಸ್ಸು ಐವತ್ತೊಂದು, ವಾಸ ಬಸ್ ಡಿಪೋ ಹಿಂದಿನ ಮೂರನೇ ಅಡ್ಡರಸ್ತೆ, ಸೈಕಲ್ ಅಂಗಡಿಯ ಮೇಲಿನ ಮನೆ. ಈ ಊರಿನವಳಲ್ಲ, ರೈಲಿನಲ್ಲಿ ನಾಲ್ಕು ಗಂಟೆ ಕೂತು ಎರಡು ದಿನದ ಮಟ್ಟಿಗೆ ಬಂದವಳು. ಬಂದರು ಠಾಣೆಯಲ್ಲಿ ಕುಳಿತು, ಬುದ್ಧಿ ನೆಟ್ಟಗಿದ್ದು, ಸಿಟ್ಟೂ ನೆಟ್ಟಗಿದ್ದು, ಯಾರೂ ಹೇಳಿಕೊಡದೆ ನಾನೇ ಬಾಯಿಬಿಟ್ಟು ಹೇಳಿ ಈ ಮೂಲಕ ತಿಳಿಸುವುದೇನೆಂದರೆ:

ಮೊದಲಿಗೆ, ಇದನ್ನು ಬರೆದುಕೊಳ್ಳುತ್ತಿರುವ ಠಾಣೆಯ ರೈಟರ್ ಆರಂಭದ ಸಾಲಿನಲ್ಲೇ ನನ್ನ ಪತಿ ಅಜಾಗರೂಕತೆಯಿಂದ ಜಾರಿ ನೀರಿಗೆ ಬಿದ್ದರು ಎಂದು ಬರೆದಿದ್ದರು. ನಾನು ಹಾಗೆ ಹೇಳಿರಲಿಲ್ಲ. ಆ ಸಾಲನ್ನು ಹೊಡೆದುಹಾಕಿಸಿದ್ದೇನೆ. ಯಾರು ಏನು ಅಂದರೋ ಅದನ್ನು ಅಂದ ಹಾಗೆಯೇ ಬರೆಯಬೇಕು ಎಂದು ಕೇಳಿಕೊಂಡಿದ್ದೇನೆ. ಅವರು ಮುಖ ಗಂಟಿಕ್ಕಿಕೊಂಡು ಒಪ್ಪಿದ್ದಾರೆ.

ನನ್ನ ಯಜಮಾನರಿಗೆ ಐವತ್ತಾರು. ನಮ್ಮೂರ ಗ್ರಂಥಾಲಯದಲ್ಲಿ ಸಹಾಯಕರು. ಬೆಳಗಿನಿಂದ ಸಂಜೆಯವರೆಗೆ ಬಂದವರಿಗೆಲ್ಲ ಶ್ ಎಂದು ಬಾಯಿ ಮುಚ್ಚಿಸುವುದು ಅವರ ಕೆಲಸ. ಅಲ್ಲಿ ಕಟ್ಟಿಟ್ಟ ಮಾತನ್ನೆಲ್ಲ ಮನೆಗೆ ತಂದು ನನ್ನ ತಲೆಯ ಮೇಲೆ ಸುರಿಯುತ್ತಾರೆ. ಒಲೆಯ ಮುಂದೆ ನಿಂತರೂ ಮಾತು, ಸ್ನಾನದ ಮನೆಯ ಬಾಗಿಲು ಹಾಕಿಕೊಂಡರೂ ಒಳಗಿನಿಂದ ಮಾತು. ನಮ್ಮ ಬೀದಿಯವರು ಅವರನ್ನು ಕರೆಯುವುದೇ ರೇಡಿಯೋ ಎಂದು. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು. ದಿನಕ್ಕೆ ಹತ್ತು ಸಲ ಸುಮ್ನಿರ್ರೀ ಅಂದಿದ್ದೇನೆ, ಒಂದು ಸಲವೂ ಸುಮ್ಮನಿದ್ದವರಲ್ಲ. ಇದನ್ನೂ ಬರೆದುಕೊಳ್ಳಿ ಎಂದೆ. ಇದೆಲ್ಲ ಯಾಕಮ್ಮ ಎಂದರು ರೈಟರ್. ಬೇಕು, ಬರೀರಿ ಎಂದೆ.

ಈ ಸವಾರಿ ನಮ್ಮ ಮಗಳ ಉಡುಗೊರೆ. ಇಷ್ಟು ವರ್ಷ ಆ ವ್ಯಾನು ಆ ಲೈಬ್ರರಿ ಬಿಟ್ಟು ನೀವಿಬ್ಬರೂ ಏನೂ ನೋಡಿಲ್ಲ, ಹೋಗಿ ಬನ್ನಿ ಎಂದು ಅವಳೇ ಫೋನಿನಲ್ಲಿ ಜಾಗ ಕಾದಿರಿಸಿದ್ದಳು. ನೀರಿನ ಮೇಲೆ ಓಡುವ ಸ್ಕೂಟರಿನಂಥ ಜೆಟ್ ಸ್ಕೀ ಮೇಲೆ ಕೂತು, ಮುಂದೆ ಒಬ್ಬ ಗೈಡ್ ಹೋಗುತ್ತಾ, ಹಳೇ ಪಟ್ಟಣದ ಕೋಟೆಗೋಡೆ, ಬುರುಜು, ವರ್ತಕರ ಮನೆಗಳ ಸಾಲು, ದೀಪಸ್ತಂಭ ಎಲ್ಲವನ್ನೂ ಸಮುದ್ರದ ಕಡೆಯಿಂದ ತೋರಿಸಿಕೊಂಡು ಬರುವುದು. ನನ್ನ ಯಜಮಾನರು ಒಂದು ತಿಂಗಳಿಂದ ಈ ಪಟ್ಟಣದ ಚರಿತ್ರೆಯ ಪುಸ್ತಕಗಳನ್ನು ಹೊತ್ತು ತಂದು ಓದಿದ್ದರು. ಓದಿ ಸುಮ್ಮನಿದ್ದರೆ ಸರಿ, ಅಷ್ಟನ್ನೂ ನನಗೆ ಒಪ್ಪಿಸಿದ್ದರು.

ನಿನ್ನೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹಳೇ ಸುಂಕದ ಕಟ್ಟಡದ ಕೆಳಗಿರುವ ಜೆಟ್ಟಿಗೆ ಹೋದೆವು. ಅಲ್ಲಿ ಗೈಡ್ ಇದ್ದ. ಮೂವತ್ತರ ಆಸುಪಾಸಿನವನು, ಕಪ್ಪು ಕನ್ನಡಕ, ಎಲ್ಲರೂ ಅವನನ್ನು ಕ್ಯಾಪ್ಟನ್ ಎಂದು ಕರೆಯುತ್ತಿದ್ದರು. ಅವನದೂ ಸೇರಿ ಗಾಡಿಗಳು ಆರು. ಮೂರರಲ್ಲಿ ಇಬ್ಬಿಬ್ಬರು, ಉಳಿದ ಮೂರರಲ್ಲಿ ಒಬ್ಬೊಬ್ಬರೇ. ನನ್ನ ಯಜಮಾನರಿಗೆ ಸೈಕಲ್ಲೂ ಬಾರದು, ಹಾಗಾಗಿ ನಾನು ಓಡಿಸುವುದು, ಅವರು ಹಿಂದೆ ಕೂರುವುದು ಎಂದಾಯಿತು.

ಅವರಿಗೆ ಕೊಟ್ಟ ಲೈಫ್ ಜಾಕೆಟ್ಟಿನ ಎದೆಯ ಕ್ಲಿಪ್ಪು ಮುರಿದಿತ್ತು. ಬೇರೆಯದು ಕೊಡಿ ಎಂದೆ. ಕ್ಯಾಪ್ಟನ್ ಒಂದು ನೈಲಾನ್ ದಾರ ತಂದು ಗಂಟು ಹಾಕಿ, ಏನೂ ಆಗಲ್ಲ ಆಂಟಿ, ದಿನಾ ಇದನ್ನೇ ಹಾಕ್ಕೊಂಡು ಹೋಗ್ತಾರೆ ಎಂದ. ನನ್ನ ಮಣಿಕಟ್ಟಿಗೆ ಒಂದು ಕೆಂಪು ಹುರಿ ಕಟ್ಟಿ, ಇನ್ನೊಂದು ತುದಿಯನ್ನು ಗಾಡಿಗೆ ಸಿಕ್ಕಿಸಿದ. ಓಡಿಸುವವರು ಬಿದ್ದರೆ ಹುರಿ ಕಿತ್ತು ಬಂದು ಎಂಜಿನ್ ತಾನೇ ನಿಲ್ಲುತ್ತದಂತೆ. ಹಿಂದೆ ಕೂತವರು ಬಿದ್ದರೆ ಎಂದು ಕೇಳಿದೆ. ಅಂಕಲ್ ನಿಮ್ಮ ಸೊಂಟ ಗಟ್ಟಿಯಾಗಿ ಹಿಡ್ಕೊಂಡಿರ್ತಾರೆ ಬಿಡಿ ಎಂದು ನಕ್ಕ. ನನ್ನ ಯಜಮಾನರೂ ನಕ್ಕರು. ನಾನು ನಗಲಿಲ್ಲ, ಆದರೆ ಹತ್ತಿದೆ.

ಅವನ ಪದ್ಧತಿ ಹೀಗೆ. ನಿಂತಲ್ಲೆಲ್ಲ ಅವನು ಹಿಂದಕ್ಕೆ ತಿರುಗಿ ಕೈ ಎತ್ತುತ್ತಾನೆ, ಓಡಿಸುವವರೆಲ್ಲ ಹೆಬ್ಬೆರಳು ತೋರಿಸಬೇಕು. ಅವನು ಬೆರಳಾಡಿಸಿ ಎಣಿಸಿ, ಆರು ಗಾಡಿ, ಆರೂ ಸರಿ ಎಂದು ಕೂಗುತ್ತಾನೆ. ನಾನು ದಿನಾ ಎರಡು ಹೊತ್ತೂ ಮಕ್ಕಳ ತಲೆ ಎಣಿಸದೆ ಗೇರ್ ಹಾಕುವವಳಲ್ಲ. ಇವನೂ ಎಣಿಸುತ್ತಿದ್ದಾನಲ್ಲ ಎಂದು ನಿಶ್ಚಿಂತೆಯಾದೆ. ಏನನ್ನು ಎಣಿಸುತ್ತಿದ್ದಾನೆ ಎಂದು ಯೋಚಿಸಲಿಲ್ಲ.

ಸುಮಾರು 10.35ಕ್ಕೆ ಮೊದಲನೇ ನಿಲುಗಡೆ, ಬುರುಜಿನ ಕೆಳಗೆ. ರಾಣಿ ಸೂರ್ಯಾಸ್ತ ನೋಡಲೆಂದು ರಾಜ ಇದನ್ನು ಕಟ್ಟಿಸಿದ ಎಂದು ಕ್ಯಾಪ್ಟನ್ ಹೇಳಿದ. ಹಿಂದಿನಿಂದ ನನ್ನ ಯಜಮಾನರು, ಅಲ್ಲಪ್ಪಾ, ಕಿಟಕಿ ಇರೋದೇ ಊರ ಕಡೆಗೆ, ರಾಣಿ ಏನು ಗೋಡೆ ತೂರಿ ನೋಡ್ತಿದ್ಲಾ, ಅದು ಮದ್ದಿನ ಮನೆ ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಕ್ಯಾಪ್ಟನ್‌ನ ಕಿವಿ ಕೆಂಪಾಯಿತು.

ಎರಡನೇ ನಿಲುಗಡೆ ಫಿರಂಗಿ ಕಟ್ಟೆಯ ಬಳಿ. ಇಲ್ಲಿಂದ ಅರಮನೆಗೆ ಸುರಂಗ ಇದೆ ಎಂದ. ಇವರು ಬಿಡಬೇಕಲ್ಲ! ಅದು ಚರಂಡಿ, ಇನ್ನೂರು ವರ್ಷದಿಂದ ಊರ ಕೊಳೆ ಅಲ್ಲೇ ಹರಿಯುತ್ತೆ, ಮೂಗು ಇದ್ದವರಿಗೆ ಗೊತ್ತಾಗುತ್ತೆ ಎಂದರು. ಈ ಸಲ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕ್ಯಾಪ್ಟನ್ ತನ್ನ ಗಾಡಿಯನ್ನು ನನ್ನ ಪಕ್ಕಕ್ಕೆ ತಂದು, ಮೇಡಂ, ನಿಮ್ಮ ಯಜಮಾನರ ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡಿ, ಗೈಡ್ ನಾನಾ ಅವರಾ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ನನಗೆ ಅವಮಾನವಾಯಿತು. ನಾನು ತಿರುಗದೆಯೇ, ರೀ, ಇನ್ನೊಂದು ಮಾತಾಡಿದ್ರೆ ಇಲ್ಲೇ ನೀರಿಗೆ ತಳ್ತೀನಿ ನೋಡಿ ಎಂದೆ. ಆಯ್ತು ಬಿಡೇ, ಬಾಯಿಗೆ ಬೀಗ ಹಾಕ್ಕೊಂಡೆ ಎಂದರು. ಅದು ಅವರು ಆಡಿದ ಕೊನೆಯ ಮಾತು.

ಅಲ್ಲಿಂದ ಹೊರಟ ಕ್ಯಾಪ್ಟನ್ ಸಿಟ್ಟಿನಲ್ಲಿದ್ದ. ಸಿಟ್ಟಿನಲ್ಲಿ ಗಾಡಿ ಓಡಿಸುವವರನ್ನು ನಾನು ಬೆನ್ನು ನೋಡಿಯೇ ಹೇಳಬಲ್ಲೆ. ಎದುರಿನಿಂದ ದೊಡ್ಡ ಫೆರಿ ದೋಣಿ ಬರುತ್ತಿತ್ತು. ಫೆರಿ ಬಂದರೆ ನಿಂತು, ಅಲೆ ಅಡಗಿದ ಮೇಲೆ ಹೋಗಬೇಕು ಎಂದು ಜೆಟ್ಟಿಯಲ್ಲಿ ಅವನೇ ಪಾಠ ಮಾಡಿದ್ದ. ಈಗ ಅವನೇ ಫೆರಿಯ ಹಿಂದಿನ ಅಲೆಗಳಿಗೆ ನುಗ್ಗಿ, ಒಂದು ಗಿರಕಿ ಹೊಡೆದು, ಬನ್ನಿ ಬನ್ನಿ ಎಂದು ಕೈ ಬೀಸಿದ. ಮುಂದಿನವರು ನುಗ್ಗಿದರು, ನಾನೂ ನುಗ್ಗಿದೆ. ನನ್ನ ಗಾಡಿ ಎರಡು ಸಲ ಎಗರಿ ಬಿತ್ತು. ಆರು ಎಂಜಿನ್‌ಗಳ ಸದ್ದು, ಫೆರಿಯ ಹಾರನ್ನು, ಮುಖಕ್ಕೆ ಉಪ್ಪುನೀರು. ಸೊಂಟದ ಮೇಲಿದ್ದ ಅವರ ಕೈ ಇಲ್ಲವಾಯಿತು.

ನಾನು ಏನೆಂದುಕೊಂಡೆ ಎಂದರೆ, ಮುನಿಸಿಕೊಂಡಿದ್ದಾರೆ. ಸ್ಕೂಟರಿನಲ್ಲೂ ಅಷ್ಟೇ, ನಾನು ಬೈದರೆ ಸೊಂಟ ಬಿಟ್ಟು ಹಿಂದಿನ ಕಂಬಿ ಹಿಡಿದು ಕೂರುತ್ತಾರೆ. ಗಾಡಿ ಹಗುರವಾಗಿ ಓಡತೊಡಗಿತು. ಕೈ ಪಳಗಿತು ಎಂದು ಹಿಗ್ಗಿದೆ. ಛೀ.

ದೀಪಸ್ತಂಭದ ಕೆಳಗೆ ನಿಂತಾಗ 11.10. ಕ್ಯಾಪ್ಟನ್ ಕೈ ಎತ್ತಿದ. ನಾವು ಹೆಬ್ಬೆರಳು ತೋರಿಸಿದೆವು. ಅವನು ನನ್ನ ಗಾಡಿಯ ಮೇಲೂ ಬೆರಳಾಡಿಸಿದ, ನನ್ನ ಮುಖವನ್ನೂ ನೋಡಿದ, ಆರು ಗಾಡಿ, ಆರೂ ಸರಿ ಎಂದು ಕೂಗಿದ. ನಾನು ದೀಪಸ್ತಂಭ ನೋಡುತ್ತಾ, ಈಗ ಮಾತಾಡಿ ಪರ್ವಾಗಿಲ್ಲ, ಇದನ್ನ ಯಾರು ಕಟ್ಟಿಸಿದ್ರು ಹೇಳಿ ಎಂದೆ. ಉತ್ತರವಿಲ್ಲ. ಸಾಕು ಬಿಡ್ರೀ ಮುನಿಸು ಎಂದೆ. ಪಕ್ಕದ ಗಾಡಿಯಲ್ಲಿ ಹೊಸದಾಗಿ ಮದುವೆಯಾದ ಜೋಡಿ ಇತ್ತು. ಆ ಹುಡುಗಿ, ಆಂಟಿ, ಅಂಕಲ್ ಎಲ್ಲಿ ಎಂದು ಕೇಳಿದಳು. ಆಗ ತಿರುಗಿದೆ.

ನಾನು ಕಿರುಚಿದ್ದು ಎಲ್ಲರಿಗೂ ಕೇಳಿಸಿದೆ. ತಿರುಗ್ಸು ಗಾಡಿ ಎಂದೆ. ಕ್ಯಾಪ್ಟನ್ ಏನೆಂದ ಗೊತ್ತೇ? ಎಲ್ಲಾ ಗಾಡಿ ಇದಾವಲ್ಲ ಮೇಡಂ ಎಂದ. ಹಿಂದಿನ ಸ್ಟಾಪಲ್ಲಿ ಇಳಿದಿರ್ಬೇಕು ಎಂದ. ನಡುನೀರಿನಲ್ಲಿ ಇಳಿಯಲು ಅದೇನು ಬಸ್ ಸ್ಟ್ಯಾಂಡೇ? ನಂತರ ಕೊರಳಲ್ಲಿದ್ದ ವಾಕಿಟಾಕಿಯಲ್ಲಿ ಮಾಲೀಕನನ್ನು ಕೇಳಿದ. ಮಾಲೀಕನ ದನಿ ನಮಗೆಲ್ಲ ಕೇಳಿಸಿತು. ಮೊದಲು ಗೆಸ್ಟ್‌ಗಳನ್ನ ಕರ್ಕೊಂಡು ಬಾ, ಮುಂದಿನ ಬ್ಯಾಚ್ ಕಾಯ್ತಿದೆ, ಆಮೇಲೆ ನೋಡೋಣ ಎಂದಿತು ಆ ದನಿ. ನನ್ನ ಗಂಡ ನೀರಿನಲ್ಲಿ, ಇವರಿಗೆ ಬ್ಯಾಚಿನ ಚಿಂತೆ. ಕ್ಯಾಪ್ಟನ್‌ಗೆ ಆಗ ನಾನು ಅಂದ ಮಾತುಗಳನ್ನು ರೈಟರ್ ಬರೆಯಲು ಒಪ್ಪಲಿಲ್ಲ. ಆದರೆ ಅಂದದ್ದು ನಿಜ, ಒಂದನ್ನೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ನಾನೊಬ್ಬಳೇ ಗಾಡಿ ತಿರುಗಿಸಿದೆ. ಆ ಹುಡುಗಿಯ ಗಂಡ ನನ್ನ ಹಿಂದೆ ಬಂದ. ಕ್ಯಾಪ್ಟನ್ ಉಳಿದವರನ್ನು ಕರೆದುಕೊಂಡು ಜೆಟ್ಟಿಗೆ ಹೋದ. ದಾರಿಯುದ್ದಕ್ಕೂ ರೀ, ರೀ ಎಂದು ಕೂಗಿದೆ. ಫಿರಂಗಿ ಕಟ್ಟೆಯಿಂದ ಸುಮಾರು ಇನ್ನೂರು ಮೀಟರ್ ಈಚೆ ಆ ಜಾಕೆಟ್ಟು ಒಂಟಿಯಾಗಿ ತೇಲುತ್ತಿತ್ತು. ನೈಲಾನ್ ದಾರದ ಗಂಟು ಬಿಚ್ಚಿಕೊಂಡಿತ್ತು. ಅದನ್ನು ಎತ್ತಿಕೊಂಡೆ. ಈಗ ಅದು ಮೇಜಿನ ಮೇಲಿದೆ, ಠಾಣೆಗೆ ಒಪ್ಪಿಸಿದ್ದೇನೆ.

ಫೆರಿಯ ಟಿಕೆಟ್ ಕೊಡುವವನು ತಲೆಯೊಂದು ಮುಳುಗಿ ಏಳುತ್ತಿದ್ದುದನ್ನು ನೋಡಿ ಕೂಗಿದ್ದನಂತೆ. ಹತ್ತಿರದಲ್ಲೇ ಬಲೆ ಎಳೆಯುತ್ತಿದ್ದ ಅಪ್ಪ ಮಗಳು ದೋಣಿ ತಿರುಗಿಸಿ ಬಂದು ಅವರನ್ನು ಎಳೆದು ಹಾಕಿಕೊಂಡಿದ್ದರು. ನಾನು ಆ ದೋಣಿಯ ಹತ್ತಿರ ಹೋದಾಗ ಆ ಮಗಳು ಅವರ ಎದೆಯ ಮೇಲೆ ಎರಡೂ ಕೈಯಿಟ್ಟು ಒತ್ತುತ್ತಿದ್ದಳು. ಬಾಯಿಂದ ನೀರು ಬಂತು, ಉಸಿರು ಬಂತು, ಮಾತು ಬರಲಿಲ್ಲ. ಆ ಅಪ್ಪ ಮಗಳಿಗೆ ನಾನು ಇನ್ನೂ ಸರಿಯಾಗಿ ಕೈ ಮುಗಿದಿಲ್ಲ. ಈ ಹೇಳಿಕೆ ಮುಗಿದ ಮೇಲೆ ಅವರ ಮನೆ ಎಲ್ಲಿ ಎಂದು ತಿಳಿಸಬೇಕಾಗಿ ಕೋರುತ್ತೇನೆ.

ಇಂದು ಬೆಳಿಗ್ಗೆ ಆಸ್ಪತ್ರೆಯಲ್ಲಿದ್ದ ನನ್ನನ್ನು ಠಾಣೆಗೆ ಕರೆಸಿದರು. ಕ್ಯಾಪ್ಟನ್ ಮತ್ತು ಮಾಲೀಕ ನಿನ್ನೆ ಸಂಜೆಯೇ ಬಂದು, ಇದು ಗಂಡ ಹೆಂಡತಿ ಜಗಳ, ಹೆಂಡತಿಯೇ ನೀರಿಗೆ ತಳ್ಳುತ್ತೇನೆ ಎಂದಿದ್ದಳು, ಎಲ್ಲರೂ ಕೇಳಿದ್ದಾರೆ ಎಂದು ಹೇಳಿ ಹೋಗಿದ್ದಾರಂತೆ. ಇನ್ಸ್‌ಪೆಕ್ಟರ್ ಸಾಹೇಬರು, ನೀವು ಹಾಗೆ ಅಂದಿದ್ದು ನಿಜಾನಾಮ್ಮ ಎಂದು ಕೇಳಿದರು. ನಿಜ. ಅಂದಿದ್ದೇನೆ. ಕಿಟಕಿಯಿಂದ ಎಸೀತೀನಿ ಅಂತಲೂ ಅಂದಿದ್ದೇನೆ, ಹಳೇ ಪೇಪರ್ ಜೊತೆ ಗುಜರಿಯವನಿಗೆ ಹಾಕ್ತೀನಿ ಅಂತಲೂ ಅಂದಿದ್ದೇನೆ. ಅದನ್ನೆಲ್ಲ ಕೇಸು ಮಾಡುವುದಾದರೆ ಮದುವೆಯಾದ ಮಾರನೇ ದಿನದಿಂದ ನಾನು ಒಳಗಿರಬೇಕಿತ್ತು. ಸಾಹೇಬರ ಮನೆಯಲ್ಲಿ ಹೀಗೆ ಯಾರೂ ಏನೂ ಅನ್ನುವುದಿಲ್ಲವೇ ಎಂದು ಕೇಳಿದೆ. ಪಕ್ಕದಲ್ಲಿದ್ದ ಮಹಿಳಾ ಪೇದೆ ಮುಖ ಆ ಕಡೆ ತಿರುಗಿಸಿದರು.

ತಳ್ಳಿದ್ದು ನಾನಲ್ಲ. ಮುರಿದ ಕ್ಲಿಪ್ಪಿಗೆ ದಾರ ಕಟ್ಟಿದವನು, ಮೂಗಿನ ತುದಿಯ ಸಿಟ್ಟಿಗೆ ಜನರನ್ನು ಅಲೆಗೆ ನುಗ್ಗಿಸಿದವನು, ಮನುಷ್ಯರನ್ನು ಬಿಟ್ಟು ಗಾಡಿ ಎಣಿಸಿದವನು ಕ್ಯಾಪ್ಟನ್. ಹಾಗೆ ಎಣಿಸಲು ಕಲಿಸಿದವನು ಮಾಲೀಕ. ಗಾಡಿ ಕಳೆದುಹೋದರೆ ಅವನಿಗೆ ನಷ್ಟ, ಹಿಂದೆ ಕೂತವರು ಕಳೆದುಹೋದರೆ ನಷ್ಟ ನನಗೆ ತಾನೇ. ನಾನು ಇಲ್ಲಿ ಕೂತು ಇದನ್ನು ಹೇಳುತ್ತಿರುವ ಈ ಹೊತ್ತಿನಲ್ಲೂ ಠಾಣೆಯ ಕಿಟಕಿಯಿಂದ ಆ ಗಾಡಿಗಳು ಸಾಲಾಗಿ ಹೋಗುತ್ತಿರುವುದು ಕಾಣುತ್ತಿದೆ. ಮೊದಲು ಅದನ್ನು ನಿಲ್ಲಿಸಿ.

ಕೊನೆಗೆ ಸಾಹೇಬರು ಇನ್ನೊಂದು ಪ್ರಶ್ನೆ ಕೇಳಿದರು. ಅಷ್ಟು ದೂರ ಹಿಂದೆ ಮನುಷ್ಯನೇ ಇರಲಿಲ್ಲ, ನಿಮಗೆ ಹೇಗೆ ಗೊತ್ತಾಗಲಿಲ್ಲಮ್ಮ ಎಂದರು. ನಾನು ಎದ್ದು ನಿಂತೆ. ಬಾಯಿಗೆ ಬಂದದ್ದನ್ನು ಅನ್ನಬೇಕೆಂದಿದ್ದೆ. ಮತ್ತೆ ಕೂತೆ. ಉತ್ತರ ಇಷ್ಟೇ: ಸುಮ್ಮನಿರಿ ಎಂದಿದ್ದೆ, ಸುಮ್ಮನಿದ್ದರು. ಇಪ್ಪತ್ತಾರು ವರ್ಷದಲ್ಲಿ ಮೊದಲನೇ ಸಲ ನನ್ನ ಮಾತು ಕೇಳಿದರು ಎಂದುಕೊಂಡೆ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಈಗ ಅವರ ಗಂಟಲಿಗೆ ನಳಿಕೆ ಹಾಕಿದ್ದಾರೆ. ಕಣ್ಣು ಬಿಟ್ಟಿಲ್ಲ. ಎಚ್ಚರವಾಗುತ್ತದೆಯೇ, ಆದರೂ ಮಾತು ಬರುತ್ತದೆಯೇ ಎಂದರೆ ಡಾಕ್ಟರು ಕಾದು ನೋಡೋಣ ಎನ್ನುತ್ತಾರೆ. ಕಿವಿಯ ಹತ್ತಿರ ಮಾತಾಡ್ತಾ ಇರಿ, ಕೇಳಿಸಬಹುದು ಎಂದು ನರ್ಸ್ ಹೇಳಿದ್ದಾರೆ. ಆರು ಗಂಟೆಗೆ ಒಳಗೆ ಬಿಡುತ್ತಾರೆ, ಆದ್ದರಿಂದ ನನ್ನನ್ನು ಬೇಗ ಕಳಿಸಿಕೊಡಬೇಕು. ನಿನ್ನೆಯಿಂದ ಅವರ ಕಿವಿಯಲ್ಲಿ ಮಾತಾಡ್ರೀ, ಏನಾದ್ರೂ ಮಾತಾಡ್ರೀ ಅಂತಲೇ ಹೇಳುತ್ತಿದ್ದೇನೆ. ನನ್ನ ಮಾತು ಕೇಳುವ ಅಭ್ಯಾಸ ಅವರಿಗಿಲ್ಲ.

ಮೇಲೆ ಬರೆದದ್ದನ್ನು ರೈಟರ್ ಓದಿದರು, ನಾನು ಕೇಳಿದೆ. ಹೇಳಿದ್ದು ಬಿಟ್ಟುಹೋಗಿಲ್ಲ, ಹೇಳದ್ದು ಸೇರಿಲ್ಲ, ಎಲ್ಲವೂ ಸತ್ಯ. ಬರೆಯದೆ ಬಿಟ್ಟ ಬೈಗುಳವೂ ಸತ್ಯ.

ಸ್ಥಳ: ಬಂದರು ಠಾಣೆ
ದಿನಾಂಕ: 14, ಸೋಮವಾರ, ಸಂಜೆ 5.20
ಹೇಳಿಕೆ ಕೊಟ್ಟವಳ ಸಹಿ