ಕರವಸ್ತ್ರದಲ್ಲಿ ಅರ್ಧ ತುಣುಕು

ದರ್ಜಿಯಮ್ಮ ಬೇಕೆಂದೇ ಕಿವಿಗೊಟ್ಟು ಕೇಳಿದ್ದಲ್ಲ. ಬಸ್‌ಸ್ಟಾಪಿನ ಬೆಂಚಿನಲ್ಲಿ ಅವಳ ಪಕ್ಕಕ್ಕೇ ಚರ್ಚಿನಿಂದ ಬಂದ ಅಕ್ಕ-ತಮ್ಮ ಕೂತಿದ್ದರು. ಇಬ್ಬರಿಗೂ ತಲೆ ನರೆತಿತ್ತು.

“ಇಪ್ಪತ್ತು ವರ್ಷ ಆದ್ಮೇಲೆ ಪೂಜೇಲಿ ಪ್ರಭುವಿನ ರೊಟ್ಟಿ ತಗೊಂಡ್ಯಲ್ಲೋ!”

“ಕುಡಿದು ಗಾಡಿ ಓಡಿಸಿ ಮಗಳನ್ನ ಕೊಂದವನು ನಾನು. ಯಾವ ಮುಖ ಇಟ್ಕೊಂಡು ಕೈ ಚಾಚ್ಲಿ ಅಂತಾನೇ ಇಷ್ಟು ವರ್ಷ ದೂರ ಇದ್ದೆ ಅಕ್ಕಾ.”

“ಇವತ್ತು ಪಾದ್ರಿಗಳು ಏನಂದ್ರು?”

“ಏನೂ ಕೇಳ್ಲಿಲ್ಲ. ‘ನಿನಗಾಗಿ’ ಅಂತ ಅಂಗೈಲಿಟ್ರು. ಎದೆ ಮೇಲಿನ ಕಲ್ಲು ಇಳೀತು.”

“ಜೇಬಲ್ಲೇನದು?”

ಅವನು ಕರವಸ್ತ್ರ ಬಿಚ್ಚಿದ. ಒಳಗೆ ಆ ರೊಟ್ಟಿಯ ಅರ್ಧ ತುಣುಕು. “ಅರ್ಧ ನನ್ನ ಹೆಂಡ್ತಿಗೆ. ಪ್ರತಿ ಭಾನುವಾರ ‘ಚರ್ಚಿಗೆ ಬಾ’ ಅಂತ ಕೈ ಹಿಡಿದು ಎಳೀತಿದ್ಲಲ್ಲ.”

“ಅವಳನ್ನ ಮಣ್ಣು ಮಾಡಿ ತಿಂಗಳಾಯ್ತು ಕಣೋ.”

“ಗೊತ್ತು. ಮುರಿಯೋವಾಗ ಮರ್ತೋಯ್ತು.”

“ತಿನ್ನು. ಅವಳು ಬೇಡಿಕೊಂಡಿದ್ದೂ ನೀನು ತಿನ್ಲಿ ಅಂತಾನೇ.”

ಬಸ್ಸು ಬಂತು, ಇಬ್ಬರೂ ಹತ್ತಿದರು. ಬಸ್ಸು ತಿರುವು ದಾಟುವವರೆಗೂ ಕಿಟಕಿಯಲ್ಲಿ ಅವನು ಆ ಉಗುರಿನಷ್ಟು ತುಣುಕನ್ನು ಅಗಿಯುತ್ತಲೇ ಇದ್ದ.