ಹಾಲಿನ ಬಾಟಲಿಯನ್ನು ಓವನ್ನಿನಲ್ಲಿಟ್ಟವಳು ನಾನು

ಭ್ರಮರಾಂಬ, ಗಂಡ ಈರಲಿಂಗಪ್ಪ, ವಯಸ್ಸು 48 ವರ್ಷ, ಎಂ.ಎ., ಖಾಸಗಿ ಜೂನಿಯರ್ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ, ವಾಸ ಹಿಂದೂಪುರ ಪಟ್ಟಣ, ಅನಂತಪುರ ಜಿಲ್ಲೆ. ನಿನ್ನೆ ಸಂಜೆ 4:45ಕ್ಕೆ ನಾನು ಕೊಟ್ಟ ಹೇಳಿಕೆ ಸುಳ್ಳು. ಅದನ್ನು ಹಿಂದಕ್ಕೆ ಪಡೆದು ಈ ಮೂಲಕ ತಿಳಿಸುವುದೇನೆಂದರೆ:

ಇದನ್ನು ಠಾಣೆಯಲ್ಲಿ ಕುಳಿತು ನನ್ನ ಕೈಯಿಂದಲೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತೆಲುಗಿಗೆ ಮಾಡಿಕೊಳ್ಳುವುದಾಗಿ ಠಾಣೆಯ ರೈಟರ್ ಹೇಳಿದ್ದಾರೆ. ಮಾಡುವಾಗ ನಮ್ಮ ಅಡಿಗೆಯ ಪಾಪಕ್ಕನ ಮಾತುಗಳನ್ನು ದಯವಿಟ್ಟು ಅವಳು ಆಡಿದಂತೆಯೇ ಇಡಬೇಕು. ಅವಳ ಒಂದು ಮಾತನ್ನು ಬೇರೆ ಥರ ಬರೆದುಕೊಂಡಿದ್ದರಿಂದಲೇ ಅವಳು ಈಗ ಬೆಂಚಿನ ಮೇಲೆ ಕೂತಿದ್ದಾಳೆ. ಹತ್ತೂವರೆಗೆ ಅವಳನ್ನು ಕೋರ್ಟಿಗೆ ಹಾಜರುಪಡಿಸುತ್ತಾರೆ ಎಂದು ತಿಳಿಯಿತು. ಈಗ 8:15.

ಪಾಪಕ್ಕ ಕಂಬದೂರಿನವಳು, ವಯಸ್ಸು ಸುಮಾರು 61. ಇಪ್ಪತ್ತಾರು ವರ್ಷದಿಂದ ನಮ್ಮ ಮನೆಯಲ್ಲಿ ಅಡಿಗೆ ಕೆಲಸಕ್ಕಿದ್ದಾಳೆ. ನನ್ನ ಮಗಳನ್ನು ಎತ್ತಿ ಆಡಿಸಿದವಳು ಅವಳೇ. ಮಗಳನ್ನು ಕಲ್ಯಾಣದುರ್ಗದ ಹಾರ್ಡ್‌ವೇರ್ ವ್ಯಾಪಾರಿ ಜಯಣ್ಣನವರ ಮಗನಿಗೆ ಕೊಟ್ಟಿದೆ. ಅವಳು ಬಾಣಂತನಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಮಗು ಗಂಡು, ನಾಲ್ಕು ತಿಂಗಳು. ಮೇ ತಿಂಗಳಲ್ಲಿ ಮಗಳಿಗೆ ಟೈಫಾಯ್ಡ್ ಬಂದು ಹಾಲು ನಿಂತಿತು. ಅಂದಿನಿಂದ ಮಗುವಿಗೆ ನೀರು ಬೆರೆಸಿದ ಹಸುವಿನ ಹಾಲನ್ನು ಬಾಟಲಿಯಲ್ಲಿ ಕೊಡುತ್ತಿದ್ದೆವು. ಸ್ಟೀಲ್ ಗಿಂಡಿಯಲ್ಲಿ ಹಾಲನ್ನು ಗ್ಯಾಸ್ ಒಲೆಯ ಮೇಲೆ ಕಾಯಿಸಿ, ಆರಿಸಿ, ಬಾಟಲಿಗೆ ಹಾಕಿ ಕುಡಿಸುವವಳು ಪಾಪಕ್ಕ. ಗಿಂಡಿಯನ್ನು ಕೆನ್ನೆಗೆ ಒತ್ತಿ ಬಿಸಿ ನೋಡುತ್ತಿದ್ದಳು. ನನ್ನ ಮಗಳಿಗೂ ಹಾಗೇ ನೋಡಿ ಕುಡಿಸಿದ್ದಳು. ಒಂದು ದಿನವೂ ತಪ್ಪಿರಲಿಲ್ಲ.

ಮೈಕ್ರೋವೇವ್ ಓವನ್ನನ್ನು ಕಳೆದ ಅಕ್ಟೋಬರಿನಲ್ಲಿ ನನ್ನ ತಮ್ಮ ಮಸ್ಕತ್ತಿನಿಂದ ತಂದುಕೊಟ್ಟ. ಜೊತೆಗೆ ಇಪ್ಪತ್ತನಾಲ್ಕು ಪುಟದ ಇಂಗ್ಲಿಷ್ ಪುಸ್ತಕ ಬಂತು. ಅದನ್ನು ಮೊದಲಿನಿಂದ ಕೊನೆವರೆಗೆ ಓದಿದವಳು ಮನೆಯಲ್ಲಿ ನಾನೊಬ್ಬಳೇ. ಓದಿ ಒಂಬತ್ತು ಸೂಚನೆಗಳನ್ನು ಕನ್ನಡದಲ್ಲಿ ಬರೆದು ಓವನ್ನಿನ ಪಕ್ಕದ ಗೋಡೆಗೆ ಅಂಟಿಸಿದೆ. ಸ್ಟೀಲು, ಬೆಳ್ಳಿ, ಚಿನ್ನದ ಬಣ್ಣದ ಅಂಚಿನ ತಟ್ಟೆ ಇಡಬಾರದು. ಖಾಲಿ ಓಡಿಸಬಾರದು. ಮುಚ್ಚಳ ಬಿಗಿದ ಡಬ್ಬಿ ಇಡಬಾರದು. ಬಾಗಿಲಿನ ಅಂಚಿನಲ್ಲಿ ಜಿಡ್ಡು ನಿಲ್ಲಲು ಬಿಡಬಾರದು. ಹಿಂಬದಿಗೆ ಗಾಳಿಯಾಡಲು ಜಾಗ ಬಿಡಬೇಕು. ಇತ್ಯಾದಿ. ಪಾಪಕ್ಕನಿಗೆ ಓದು ಬಾರದು. ಆದ್ದರಿಂದ ಓದಿ ಹೇಳಿದೆ. ಖಾಲಿ ಓಡಿಸಬಾರದು ಎಂದಾಗ ಅವಳು, ಹಸಿದ ಹೊಟ್ಟೇಲಿ ದುಡಿಸ್ಬಾರ್ದು ಅನ್ನಮ್ಮ, ಎತ್ತೂ ಅಂಗೇಯ, ಎಂದು ನಕ್ಕಳು. ಅಂದಿನಿಂದ ದಿನವೂ ಪ್ಲಗ್ ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಗೋಡೆಯಿಂದ ಒಂದು ಗೇಣು ದೂರವಿದೆಯೇ ಎಂದು ಕೈಯಿಂದ ಅಳೆಯುತ್ತಿದ್ದಳು. ಗುಂಡಿಯನ್ನು ಮಾತ್ರ ಈ ಎಂಟು ತಿಂಗಳಲ್ಲಿ ಒಮ್ಮೆಯೂ ಒತ್ತಿಲ್ಲ. ಅದಕ್ಕೆ ಅವಳಿಗೆ ಹೆದರಿಕೆ.

ಪುಸ್ತಕದ 17ನೇ ಪುಟದಲ್ಲಿ ಮಗುವಿನ ಹಾಲಿನ ಬಾಟಲಿಯ ಬಗ್ಗೆ ಒಂದು ಸೂಚನೆ ಇದೆ. ಬಾಟಲಿ ಮುಟ್ಟಲು ತಣ್ಣಗಿದ್ದರೂ ಒಳಗಿನ ಹಾಲು ಸುಡುವಷ್ಟು ಕಾದಿರಬಹುದು, ಚೆನ್ನಾಗಿ ಕುಲುಕಿ ಎರಡು ಹನಿಯನ್ನು ಮುಂಗೈ ಮೇಲೆ ಹಾಕಿ ನೋಡಿಯೇ ಕುಡಿಸಬೇಕು ಎಂದು. ಅದನ್ನು ನಾನು ಗೋಡೆಯ ಹಾಳೆಗೆ ಇಳಿಸಲಿಲ್ಲ. ಆಗ ಮಗಳಿಗೆ ಐದನೇ ತಿಂಗಳು, ಮನೆಯಲ್ಲಿ ಕೂಸಿರಲಿಲ್ಲ. ಹಾಳೆಯಲ್ಲಿ ಜಾಗವಿತ್ತು.

ದಿನಾಂಕ 13-6-1995 ಮಂಗಳವಾರ ಬೆಳಿಗ್ಗೆ 6:10ಕ್ಕೆ ನನ್ನ ಅತ್ತೆ ಪಂಪಮ್ಮನವರು ತಮ್ಮ 79ನೇ ವಯಸ್ಸಿನಲ್ಲಿ ತೀರಿಕೊಂಡರು. ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಅದರಲ್ಲಿ ಯಾವ ಅನುಮಾನವೂ ಇಲ್ಲ. ಮನೆಯಲ್ಲಿ ಹೆಣವಿರುವಾಗ, ಮಣ್ಣು ಮಾಡಿ ಬರುವವರೆಗೆ ನಮ್ಮಲ್ಲಿ ಒಲೆ ಹಚ್ಚುವುದಿಲ್ಲ. 6:30ಕ್ಕೆ ನನ್ನ ಯಜಮಾನರು ಗ್ಯಾಸಿನ ರೆಗ್ಯುಲೇಟರನ್ನೇ ತೆಗೆದಿಟ್ಟರು. 7:30ಕ್ಕೆ ಮಗುವಿನ ಹಾಲು ಪಕ್ಕದ ಮನೆ ಶಿವಲಕ್ಷ್ಮಮ್ಮನವರಿಂದ ಫ್ಲಾಸ್ಕಿನಲ್ಲಿ ಬಂತು.

11:20ಕ್ಕೆ ಜಯಣ್ಣನವರು, ಅವರ ಹೆಂಡತಿ ದ್ರಾಕ್ಷಾಯಣಮ್ಮನವರು ಮತ್ತು ಅಳಿಯ ಕಲ್ಯಾಣದುರ್ಗದಿಂದ ಜೀಪಿನಲ್ಲಿ ಬಂದರು. ಸುಮಾರು ನೂರು ಕಿಲೋಮೀಟರಿನ ದಾರಿ. ಪೆನುಕೊಂಡದ ಬಳಿ ಟೈರು ಪಂಕ್ಚರ್ ಆಗಿ ಬಿಸಿಲಲ್ಲಿ ನಿಂತಿದ್ದರಂತೆ, ಬಳಲಿದ್ದರು. ಬಾಗಿಲಲ್ಲಿ ಪಾಪಕ್ಕ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದಳು. ದ್ರಾಕ್ಷಾಯಣಮ್ಮನವರು ಮಗುವನ್ನು ಕಿತ್ತುಕೊಂಡು, ಏನೇ, ಕುರಿಮರಿ ಹೊತ್ತಂಗೆ ಹೊತ್ಕಂಡಿದೀಯಾ, ಕಂಬದೂರು ಅಂದ್ಕಂಡ್ಯಾ ಇದನ್ನ, ಎಂದರು. ಪಾಪಕ್ಕ, ಕುರಿಮರೀನೂ ಸಾಕಿದೀನಿ, ನಿಮ್ಮ ಸೊಸೇನೂ ಸಾಕಿದೀನಿ ಕಣಮ್ಮ, ಎರಡೂ ಚೆನ್ನಾಗೇ ಬೆಳೆದವು, ಎಂದಳು. ಅಂಗಳದಲ್ಲಿದ್ದ ಇಬ್ಬರು ಮೂವರು ನಕ್ಕರು. ಸಾವಿನ ಮನೆಯಲ್ಲಿ ನಕ್ಕದ್ದು ದ್ರಾಕ್ಷಾಯಣಮ್ಮನವರಿಗೆ ಅವಮಾನವಾಯಿತು. ಅವರು ಇನ್ನೂ ಎರಡು ಮಾತು ಹೆಚ್ಚಾಗಿ ಅಂದರು, ಅವನ್ನು ಬರೆಯುವುದಿಲ್ಲ. ಪಾಪಕ್ಕ ಒಳಗೆ ಹೋಗುತ್ತ, ಇಂಗಂದೋರು ಅನುಭವಿಸ್ತಾರೆ, ಎಂದಳು. ಆಗ ಸಮಯ 11:25. ಜಯಣ್ಣನವರು ಕೊಟ್ಟ ದೂರಿನಲ್ಲಿ ಬೆದರಿಕೆ ಎಂದು ಬರೆದಿರುವ ಮಾತು ಇದೇ. ಹಾಲು ಉಕ್ಕಿದರೂ ಬೆಕ್ಕು ಅಡ್ಡ ಬಂದರೂ ಅವಳು ಇದೇ ಮಾತನ್ನು ಹೇಳುವುದನ್ನು ಇಪ್ಪತ್ತಾರು ವರ್ಷದಿಂದ ಕೇಳಿದ್ದೇನೆ.

11:40ಕ್ಕೆ ಮಗು ಹಸಿದು ಅಳತೊಡಗಿತು. ಶಿವಲಕ್ಷ್ಮಮ್ಮನವರು ಹೂವು ತರಲು ಪೇಟೆಗೆ ಹೋಗಿದ್ದರು, ಮನೆಗೆ ಬೀಗವಿತ್ತು. ಎದುರು ಮನೆಯಲ್ಲಿ ಕೇಳಬಹುದಿತ್ತು. ನಾನು ಕೇಳಲಿಲ್ಲ. ಓವನ್ನಿನಲ್ಲಿ ಕಾಯಿಸೋಣ, ಅದರಲ್ಲಿ ಬೆಂಕಿಯೇ ಇಲ್ಲ, ಒಲೆ ಹಚ್ಚಿದಂತಾಗುವುದಿಲ್ಲ ಎಂದು ಹೇಳಿದವಳು ನಾನು. ದ್ರಾಕ್ಷಾಯಣಮ್ಮನವರು, ಬೆಂಕಿ ಇಲ್ದೇನೇ ಕಾಯ್ತೈತೇನಮ್ಮಾ, ಕಾಯಿಸೋದು ಯಾವುದಾದ್ರೂ ಬೆಂಕಿನೇ, ಎಂದರು. ಜ್ವಾಲೆ ಇಲ್ಲ, ಕೆಂಡ ಇಲ್ಲ, ಅಲೆಗಳು ಮಾತ್ರ ಎಂದು ನಾನು ತರಗತಿಯಲ್ಲಿ ಹೇಳುವಂತೆ ವಿವರಿಸಿದೆ. ಅವರು, ಏಮೋನಮ್ಮಾ, ನಂಗೇನ್ ಗೊತ್ತು, ಓದಿದೋರು ನೀವು, ಎಂದರು. ನಿನ್ನೆ ಆ ಮನೆಯಲ್ಲಿ ಸರಿಯಾದ ಮಾತು ಆಡಿದವರು ಅವರೊಬ್ಬರೇ.

11:50ಕ್ಕೆ ಪಾಪಕ್ಕ ಫ್ರಿಜ್ಜಿನಲ್ಲಿದ್ದ ಹಾಲನ್ನು ಬಾಟಲಿಗೆ ಹಾಕಿದಳು. ದಪ್ಪ ಪ್ಲಾಸ್ಟಿಕ್ಕಿನ ಬಾಟಲಿ, ಹಾಲು ಸುಮಾರು 150 ಮಿಲಿಲೀಟರ್. ನಿಪ್ಪಲ್ ತೆಗೆದು ಓವನ್ನಿನ ಒಳಗಿಟ್ಟವಳು ನಾನು. ಅರ್ಧ ನಿಮಿಷಕ್ಕೆ ಗುಂಡಿ ಒತ್ತಿದವಳು ನಾನು. ಗಂಟೆ ಹೊಡೆದ ಮೇಲೆ ಪಾಪಕ್ಕ ಬಾಟಲಿಯ ತಳವನ್ನು ಕೆನ್ನೆಗೆ ಒತ್ತಿ, ಇನ್ನೂ ತಣ್ಣಗೈತೆ ಕಣಮ್ಮ, ಕೂಸಿಗೆ ನೆಗಡಿ ಆಗ್ತೈತೆ, ಎಂದಳು. ನಾನೂ ಬೆರಳಿನಿಂದ ಮುಟ್ಟಿ ನೋಡಿದೆ. ತಣ್ಣಗಿತ್ತು. ಮತ್ತೆ ಇಟ್ಟು ಒಂದು ನಿಮಿಷಕ್ಕೆ ಒತ್ತಿದೆ.

ಒಲೆಯ ಮೇಲೆ ಪಾತ್ರೆ ಮೊದಲು ಕಾಯುತ್ತದೆ, ಹಾಲು ಆಮೇಲೆ. ಆದ್ದರಿಂದ ಪಾತ್ರೆಯನ್ನು ಮುಟ್ಟಿದ ಕೈಗೆ ಹಾಲಿನ ಬಿಸಿ ತಿಳಿಯುತ್ತದೆ. ಈ ಯಂತ್ರದಲ್ಲಿ ಹಾಲು ಮೊದಲು ಕಾಯುತ್ತದೆ, ಅದರಲ್ಲೂ ಮೇಲಿನ ಹಾಲು. ಪಾಪಕ್ಕನ ಕೆನ್ನೆಗೆ ಇದು ಗೊತ್ತಿರಲಿಲ್ಲ. ನಾನು ಓದಿದ್ದೆ. ಓದಿದ್ದು ತಲೆಯಲ್ಲಿತ್ತು, ಬೆರಳಿಗೆ ಬಂದಿರಲಿಲ್ಲ.

ಎರಡನೇ ಸಲ ಗಂಟೆ ಹೊಡೆದಾಗ ಕ್ರಿಯೆ ಮಾಡಿಸುವ ಅಯ್ಯನವರು ಬಂದರು, ನಡುಮನೆಯಲ್ಲಿ ಎಲ್ಲರೂ ಒಟ್ಟಿಗೆ ಅತ್ತರು, ಯಜಮಾನರು ನನ್ನನ್ನು ಕರೆದರು. ನಾನು ಬಾಟಲಿ ತೆಗೆದು, ಕುಲುಕದೆ, ನಿಪ್ಪಲ್ ತಿರುಗಿಸಿ, ಸರಿಯಾಗಿದೆ ಕುಡಿಸು ಎಂದು ಹೇಳಿ ಪಾಪಕ್ಕನ ಕೈಗೆ ಕೊಟ್ಟೆ. ಅವಳು ಮತ್ತೆ ಕೆನ್ನೆಗಿಟ್ಟು, ಉಗುರುಬೆಚ್ಚಗೈತೆ, ಎಂದದ್ದು ನನಗೆ ಕೇಳಿಸಿತು. ಸರಿಯಾಗಿದೆ ಕುಡಿಸು ಎಂದ ನನ್ನ ಮಾತನ್ನು ನಿನ್ನೆಯ ಹೇಳಿಕೆಯಲ್ಲಿ ಮುಚ್ಚಿಟ್ಟಿದ್ದೆ.

ಅಡಿಗೆಮನೆಯಿಂದ ನಡುಮನೆಗೆ ಹದಿನಾಲ್ಕು ಅಡಿ. ನಾನು ಅತ್ತೆಯವರ ತಲೆಯ ಬಳಿ ತಲುಪಿ ವಿಭೂತಿ ತಟ್ಟೆ ಎತ್ತಿಕೊಳ್ಳುವಷ್ಟರಲ್ಲಿ ಮಗುವಿನ ಧ್ವನಿ ಕೇಳಿತು. ಅದು ಅಳುವಲ್ಲ. ಒಂದೇ ಸಲ ಕೂಗಿ ನಿಂತುಹೋಯಿತು. ಸಮಯ 11:56. ಓಡಿಹೋದಾಗ ಮಗುವಿನ ಬಾಯಿ ತೆರೆದೇ ಇತ್ತು, ತುಟಿ ಬೆಳ್ಳಗಾಗಿತ್ತು, ಉಸಿರೆಳೆದಾಗ ಸದ್ದಾಗುತ್ತಿತ್ತು. ಪಾಪಕ್ಕ ಮಗುವನ್ನು ಮಗಳ ತೋಳಿಗೆ ಹಾಕಿ ಬಾಟಲಿಯನ್ನು ತನ್ನ ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದಳು. ದ್ರಾಕ್ಷಾಯಣಮ್ಮನವರು, ನೋಡ್ರೋ, ಮಗು ಸಾಯ್ತೈತೆ, ಇವಳು ಹಾಲು ಕುಡೀತಾಳೆ, ಎಂದು ಎದೆ ಬಡಿದುಕೊಂಡರು.

12:15ಕ್ಕೆ ಜೀಪಿನಲ್ಲಿ ಇಲ್ಲಿನ ಆಸ್ಪತ್ರೆಗೆ ತಲುಪಿದೆವು. ಬಾಯಿ ಮತ್ತು ಗಂಟಲು ಸುಟ್ಟಿದೆ, ಒಳಗೆ ಊದಿಕೊಂಡರೆ ಉಸಿರಿಗೆ ತೊಂದರೆ ಎಂದು ಹೇಳಿ ಡಾಕ್ಟರು ಬೆಂಗಳೂರಿಗೆ ಬರೆದುಕೊಟ್ಟರು. 1:10ಕ್ಕೆ ಮಗಳು ಮತ್ತು ಅಳಿಯ ಆಂಬುಲೆನ್ಸಿನಲ್ಲಿ ಮಗುವನ್ನು ಕರೆದುಕೊಂಡು ಹೋದರು. ನಾನು ಹತ್ತಲು ಹೋದಾಗ ಮಗಳು ಒಳಗಿನಿಂದ ಬಾಗಿಲು ಎಳೆದುಕೊಂಡಳು.

1:30ಕ್ಕೆ ಆಸ್ಪತ್ರೆಯ ಅಂಗಳದಲ್ಲಿ ಜಯಣ್ಣನವರು, ಇದಿ ಆಕ್ಸಿಡೆಂಟ್ ಕಾದು, ಇದು ಆಕ್ಸಿಡೆಂಟ್ ಅಲ್ಲ, ಅವಳು ಹಗೆ ತೀರಿಸಿಕೊಂಡಳು, ಎಂದರು. ನಿಮ್ಮ ಮನೆಯವರದೇ ತಪ್ಪು ಎಂದು ಗೊತ್ತಾದರೆ ನಿಮ್ಮ ಮಗಳು ನಿಮ್ಮಲ್ಲೇ ಇರಲಿ, ಕಲ್ಯಾಣದುರ್ಗಕ್ಕೆ ಬರುವುದು ಬೇಡ ಎಂದೂ ಹೇಳಿದರು. 4:45ಕ್ಕೆ ಠಾಣೆಯವರು ಮನೆಗೆ ಬಂದು ಕೇಳಿದಾಗ, ನಾನು ನಡುಮನೆಯಲ್ಲಿದ್ದೆ, ಹಾಲು ಕಾಯಿಸಿದವರು ಯಾರೆಂದು ತಿಳಿಯದು ಎಂದು ಬರೆದು ಸಹಿ ಮಾಡಿದೆ. ಪಾಪಕ್ಕ ಎರಡು ಗಜ ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು. ಅವಳು ಅಲ್ಲವೆನ್ನಲಿಲ್ಲ. ಕೇಳಿದ್ದಕ್ಕೆಲ್ಲ, ನಾನೇ ಕುಡಿಸ್ದೆ ಕಣಪ್ಪ, ನಂದೇ ತಪ್ಪು, ಎನ್ನುತ್ತಿದ್ದಳು. ಅದನ್ನು ತಪ್ಪೊಪ್ಪಿಗೆ ಎಂದು ಬರೆದುಕೊಂಡಿದ್ದಾರೆ. 5:30ಕ್ಕೆ ಅತ್ತೆಯವರ ಮಣ್ಣಾಯಿತು. ಬೆಳಿಗ್ಗೆ ಠಾಣೆಗೆ ಬಾ ಎಂದು ಹೇಳಿ ಪಾಪಕ್ಕನನ್ನು ಬಿಟ್ಟಿದ್ದರು. ಅವಳು ಇಂದು 6:30ಕ್ಕೇ ಬಂದು ಕೂತಿದ್ದಳು.

ನಾನು 7:40ಕ್ಕೆ ಬಂದೆ. ನನ್ನ ಎದುರಿಗೆ ಕಾನ್‌ಸ್ಟೇಬಲ್ ಓಬಳೇಶಪ್ಪನವರು ಅವಳಿಗೆ ಟೀ ಕೊಟ್ಟರು. ಅವಳು ಲೋಟವನ್ನು ಹಾಗೇ ಬೆಂಚಿನ ಮೇಲಿಟ್ಟಳು. ಅವರು, ಯಾಕಮ್ಮಾ ಪಾಪಕ್ಕಾ, ಸರ್ಕಾರಿ ಟೀ ಇಳಿಯಲ್ವಾ, ಎಂದು ತಮಾಷೆ ಮಾಡಿದರು. ಅವಳು ಬಾಯಿ ತೆರೆದು ತೋರಿಸಿದಳು. ನಾಲಿಗೆಯ ತುದಿಯಿಂದ ಒಂದು ಅಂಗುಲ ಬೊಬ್ಬೆ ಎದ್ದು ಒಡೆದಿದೆ, ಅಂಗುಳದ ಚರ್ಮ ಸುಲಿದಿದೆ. ಓಬಳೇಶಪ್ಪನವರು ಲೋಟವನ್ನು ತೆಗೆದುಕೊಂಡು ಹೋಗಿ ತಣ್ಣನೆಯ ನೀರು ತಂದರು. ನಿನ್ನೆಯಿಂದ ಅವಳು ಏನನ್ನೂ ತಿಂದಿಲ್ಲವೆಂದು ಆಗ ತಿಳಿಯಿತು. ಬೇಕೆಂದು ಸುಟ್ಟವಳು ಆ ಹಾಲನ್ನು ತಾನು ಚೀಪುವುದಿಲ್ಲ. ಕೋರ್ಟಿಗೆ ಹೋಗುವ ಮೊದಲು ಡಾಕ್ಟರಿಂದ ಅವಳ ನಾಲಿಗೆಯನ್ನು ಪರೀಕ್ಷೆ ಮಾಡಿಸಿ. ಬಾಟಲಿ ನಿಮ್ಮಲ್ಲಿದೆ, ಓವನ್ನನ್ನೂ ತರಿಸಿ. ಅಷ್ಟೇ ಹಾಲು ಹಾಕಿ, ಅರ್ಧ ನಿಮಿಷ, ಮತ್ತೆ ಒಂದು ನಿಮಿಷ ಇಟ್ಟು ನೀವೇ ಮುಟ್ಟಿ ನೋಡಿ. ಆಮೇಲೆ ಹಾಲನ್ನು ಮುಂಗೈ ಮೇಲೆ ಹಾಕಿಕೊಳ್ಳಿ. ನನ್ನ ಮುಂಗೈ ಮೇಲೆ ಬೇಕಾದರೂ ಹಾಕಿ.

ಹೀಗೆ ಬರೆದುಕೊಟ್ಟರೆ ಅಜಾಗರೂಕತೆಯ ಕೇಸು ನನ್ನ ಮೇಲೆ ಬರುತ್ತದೆ, ನೌಕರಿಗೂ ತೊಂದರೆ, ಒಮ್ಮೆ ಯೋಚಿಸಿ ಎಂದು ಎಸ್.ಐ. ಸಾಹೇಬರು ತಿಳಿಸಿದರು. ಮಗಳ ಸಂಸಾರದ ಮಾತನ್ನು ಅವರು ಎತ್ತಲಿಲ್ಲ. ಅದನ್ನು ನಾನೇ ಯೋಚಿಸಿದ್ದೇನೆ. ನನ್ನ ಮಗಳನ್ನು ಉಳಿಸಿಕೊಳ್ಳಲು ಅವಳನ್ನು ಸಾಕಿದವಳನ್ನು ಹಿಡಿದುಕೊಟ್ಟರೆ, ಆ ಮಗಳು ಮುಂದೆ ನನ್ನ ಮುಖ ನೋಡಿದರೂ ಒಂದೇ, ನೋಡದಿದ್ದರೂ ಒಂದೇ.

9:35ಕ್ಕೆ ಇಷ್ಟನ್ನೂ ಪಾಪಕ್ಕನಿಗೆ ಓದಿ ಹೇಳಿದೆ. ಅವಳು, ಕೆನ್ನೆಗಿಟ್ಟು ನೋಡ್ದೋಳು ನಾನು, ಅದನ್ನ ಮಾತ್ರ ಹೊಡೆದಾಕ್ಬ್ಯಾಡ ಕಣಮ್ಮ, ಎಂದಳು. ಹೊಡೆದುಹಾಕಿಲ್ಲ. ಎಸ್.ಐ. ಸಾಹೇಬರು ಕಾಗದ ಓದಿಸಿಕೊಂಡು, ಅವಳನ್ನು ಕೋರ್ಟಿಗೆ ಕಳಿಸುವುದಿಲ್ಲ, ಮನೆಗೆ ಹೋಗಬಹುದು ಎಂದರು. ಅವಳು ಏಳಲಿಲ್ಲ. ಬೆಂಗಳೂರಿಂದ ಫೋನು ಬರೋಗಂಟ ಎದ್ದು ಎಲ್ಲಿಗೆ ಹೋಗ್ಲಪ್ಪ, ಎಂದಳು. ಠಾಣೆಯ ನಂಬರನ್ನು ಅಳಿಯನಿಗೆ ತಿಳಿಸಿದೆ. ಇನ್ನೂ ಫೋನು ಬಂದಿಲ್ಲ. ಪಾಪಕ್ಕ ಸರಿದು ಪಕ್ಕದಲ್ಲಿ ಜಾಗ ಮಾಡಿದ್ದಾಳೆ. ಸಹಿ ಹಾಕಿ ನಾನು ಅಲ್ಲಿಗೆ ಹೋಗಿ ಕೂರುತ್ತೇನೆ.

ಮೇಲೆ ಬರೆದದ್ದನ್ನು ಯಾರ ಒತ್ತಾಯವೂ ಇಲ್ಲದೆ ಬರೆದಿದ್ದೇನೆ. ಕಂಡದ್ದು, ಕೇಳಿದ್ದು, ನನ್ನ ಕೈಯಾರೆ ಮಾಡಿದ್ದು ಇಷ್ಟೂ ಸತ್ಯ.

ಸ್ಥಳ: ಹಿಂದೂಪುರ
ದಿನಾಂಕ: 14-6-1995, ಬೆಳಿಗ್ಗೆ 9:50
(ಸಹಿ) ಭ್ರಮರಾಂಬ